ಕಾನ್ಫರೆನ್ಸ್ ಹಾಲ್ ಒಂದು ಕಡೆ, ಮೇಡಂ ಟೇಬಲ್ ಇನ್ನೊಂದು ಕಡೆ

ನನ್ನ ಡ್ರಾಯರ್‌ನಲ್ಲಿ ಐದು ಬ್ಯಾಡ್ಜ್‌ಗಳಿವೆ. ಕ್ರಿಶ್ಚಿಯನ್ ಲೀಡರ್‌ಶಿಪ್ ಕಾನ್ಫರೆನ್ಸ್‌ಗಳಲ್ಲಿ ಕೊರಳಿಗೆ ಹಾಕಿಕೊಳ್ಳಲು ಕೊಡುತ್ತಾರಲ್ಲ, ಅವು. ಎಸೆಯಲು ಮನಸ್ಸು ಬಂದಿಲ್ಲ. ಅದೇ ಡ್ರಾಯರ್‌ನಲ್ಲಿ ಒಂದು ಪ್ರಿಂಟ್ ತೆಗೆದ ಹಾಳೆಯೂ ಇದೆ. ನಾನೇ ಬರೆದ ಒಂದು ಮೇಲ್, ಅದರ ತುಂಬಾ ಪೆನ್ಸಿಲ್ ಗುರುತು. ಅದರ ವಿಷಯಕ್ಕೆ ಆಮೇಲೆ ಬರುತ್ತೇನೆ.

ಕೆಲಸಕ್ಕೆ ಸೇರಿ ಆರು ವರ್ಷವಾಯಿತು. ಮೊದಲ ವರ್ಷದಿಂದಲೂ ನನಗೆ ಈ ಹುಚ್ಚು. ಎಲ್ಲಿ ನಾಯಕತ್ವದ ಕೂಟ ಅಂದರೂ ಹೆಸರು ಕೊಡುವುದು, ಯಾರಾದರೂ ಹಿರಿಯರು ಎರಡು ಒಳ್ಳೆಯ ಮಾತಾಡಿದರೆ ಅವರ ಹಿಂದೆ ಬೀಳುವುದು. ನಮ್ಮ ಸಭೆಯಲ್ಲಿ, ಅಂದರೆ ಚರ್ಚಿನಲ್ಲಿ, ನನ್ನನ್ನು 'ಕಾನ್ಫರೆನ್ಸ್ ಸಿಸ್ಟರ್' ಅಂತ ರೇಗಿಸುವವರಿದ್ದಾರೆ. ಇರಲಿ. ಲೆಕ್ಕ ಹೇಳಬೇಕೆಂದರೆ, ದೊಡ್ಡ ಹಾಲ್‌ನಲ್ಲೇ ಕೂತು ನೋಡಿದ್ದು ಮೂರು ಕಾನ್ಫರೆನ್ಸ್, ಪರದೆಯ ಮೇಲೆ ನೋಡಿದ್ದು ಎರಡು. ಮೆಂಟರ್‌ಗಳೂ ಮೂವರು. ಎಚ್‌ಆರ್ ಗಂಟು ಹಾಕಿದ ಸರ್ ಒಬ್ಬರು, ನಮ್ಮದೇ ವಿಶ್ವಾಸದ ಅಕ್ಕ ಒಬ್ಬರು, ಸಭೆಯ ಬಾಗಿಲು ಯಾವ ಕಡೆ ಅಂತಲೂ ಗೊತ್ತಿಲ್ಲದ ಮೇಡಂ ಒಬ್ಬರು. ಇರುವ ರಜೆ ಇಷ್ಟೇ, ಇರುವ ಸಂಜೆಗಳೂ ಇಷ್ಟೇ, ಯಾವುದಕ್ಕೆ ಕೊಡಲಿ ಅಂತ ನನ್ನಂಥ ಕೆಲವರು ಕೇಳುತ್ತಿರುತ್ತಾರೆ. ಅವರಿಗಾಗಿ ಇದು.

ಮೊದಲು ಹಾಲ್. ಅದರ ರುಚಿಯನ್ನು ನಾನು ಕಡಿಮೆ ಮಾಡಿ ಹೇಳುವುದಿಲ್ಲ. ಸಾವಿರಾರು ಜನ ಒಟ್ಟಿಗೆ ಆರಾಧನೆಯಲ್ಲಿ ದನಿ ಎತ್ತಿದಾಗ, ಆಫೀಸಿನಲ್ಲಿ ಒಬ್ಬಳೇ ವಿಶ್ವಾಸಿಯಾಗಿ ವರ್ಷ ಕಳೆದವಳಿಗೆ ಗಂಟಲು ಕಟ್ಟುತ್ತದೆ. ಆದರೆ ನನಗೆ ನಿಜವಾಗಿ ದಕ್ಕಿದ್ದು ಹಾಡಲ್ಲ. ಚಿಕ್ಕಂದಿನಿಂದ ನಾನು ಕೇಳಿಕೊಂಡು ಬೆಳೆದದ್ದು ಒಂದೇ: ದೇವರ ಸೇವೆ ಅಂದರೆ ಪಾಸ್ಟರ್ ಆಗುವುದು, ಇಲ್ಲವೇ ಮಿಷನರಿ ಆಗುವುದು. ಉಳಿದವರು ದುಡಿದು ಕಾಣಿಕೆ ಹಾಕಬೇಕು. ಬಿಲ್ಲಿಂಗ್ ಟೀಮಿನಲ್ಲಿ ಕೂತು ಇನ್‌ವಾಯ್ಸ್ ತಿದ್ದುವ ನನ್ನ ಕೆಲಸಕ್ಕೂ ದೇವರಿಗೂ ಏನು ಸಂಬಂಧ? ಮೊದಲ ಕಾನ್ಫರೆನ್ಸ್‌ನ ಎರಡನೇ ದಿನ, ಊಟವಾಗಿ ಎಲ್ಲರಿಗೂ ನಿದ್ದೆ ಎಳೆಯುವ ಹೊತ್ತಿನಲ್ಲಿ, ಆಸ್ಪತ್ರೆಯೊಂದರ ಆಡಳಿತ ನೋಡಿಕೊಳ್ಳುವ ಮಹಿಳೆಯೊಬ್ಬರು ವೇದಿಕೆಗೆ ಬಂದರು. ಬೈಬಲಿನಲ್ಲಿ ಅಪೊಸ್ತಲ ಪೌಲ ಕೊಲೊಸ್ಸೆಯವರಿಗೆ ಬರೆದ ಪತ್ರದ ಮೂರನೇ ಅಧ್ಯಾಯ ತೆಗೆಸಿದರು. ಯಾವ ಕೆಲಸ ಮಾಡಿದರೂ ಕರ್ತನಿಗೆ ಅಂತ ಮನಸಾರೆ ಮಾಡಿ ಅನ್ನುವ ಮಾತಿದೆಯಲ್ಲ, ಅದನ್ನು ಪೌಲ ಯಾರಿಗೆ ಹೇಳಿದ್ದು ನೋಡಿ ಅಂದರು. ಹಿಂದಿನ ವಚನ ನೋಡಿದೆ. ದಾಸರಿಗೆ! ಸಭೆಯ ಹಿರಿಯರಿಗಲ್ಲ, ಬೋಧಕರಿಗಲ್ಲ. ತಮ್ಮ ಕೆಲಸವನ್ನು ತಾವು ಆರಿಸಿಕೊಳ್ಳುವ ಸ್ವಾತಂತ್ರ್ಯವೂ ಇಲ್ಲದವರಿಗೆ. ನನ್ನ ನಿದ್ದೆ ಹಾರಿಹೋಯಿತು. ಆ ವಚನ ನನಗೆ ಬಾಯಿಪಾಠ ಇತ್ತು. ಅದರ ಹಿಂದಿನ ಸಾಲನ್ನು ಮಾತ್ರ ಯಾವತ್ತೂ ಗಮನಿಸಿರಲಿಲ್ಲ.

ಆ ಇಪ್ಪತ್ತೈದು ನಿಮಿಷಕ್ಕಾಗಿ ಎರಡು ದಿನ ರಜೆ ಹೋದರೂ ನನಗೆ ಬೇಜಾರಿಲ್ಲ. ತೊಂದರೆ ಏನೆಂದರೆ, ಆಮೇಲಿನ ಎರಡು ಕಾನ್ಫರೆನ್ಸ್‌ಗಳಿಗೆ ನಾನು ಹೋದದ್ದು ಅದೇ ಇಪ್ಪತ್ತೈದು ನಿಮಿಷವನ್ನು ಮತ್ತೆ ಹುಡುಕಿಕೊಂಡು. ಸಿಗಲಿಲ್ಲ. ನೋಟ್ಸ್ ಮಾತ್ರ ಸಿಕ್ಕಿತು, ಹದಿನೇಳು ಪುಟ. ಸೋಮವಾರ ಬೆಳಿಗ್ಗೆ ಗ್ರಾಹಕರೊಬ್ಬರು ಸಿಟ್ಟಿನಲ್ಲಿ ಬರೆದ ಮೇಲ್ ತೆರೆದಾಗ ಆ ಹದಿನೇಳು ಪುಟದಲ್ಲಿ ಒಂದು ಸಾಲೂ ನೆನಪಿಗೆ ಬರಲಿಲ್ಲ.

ಒಂದು ಕಡೆ 'ಮೆಂಟರ್ ಜೊತೆ ಮಾತಾಡಿ' ಅಂತ ಬೋರ್ಡ್ ಹಾಕಿದ ಕೋಣೆಯೂ ಇತ್ತು. ಆಸೆಯಿಂದ ಸಾಲಿನಲ್ಲಿ ನಿಂತೆ. ನಲವತ್ತು ನಿಮಿಷ ಕಾದ ಮೇಲೆ ಸಿಕ್ಕಿದ್ದು ಆರು ನಿಮಿಷ. ಅದರಲ್ಲಿ ಎರಡು ನಿಮಿಷ ನನ್ನ ಪರಿಚಯಕ್ಕೆ ಹೋಯಿತು, ಇನ್ನೆರಡು ನಿಮಿಷ ಅವರ ದುಬಾರಿ ಕೋಚಿಂಗ್ ಪ್ಯಾಕೇಜಿನ ಪರಿಚಯಕ್ಕೆ. ಉಳಿದ ಎರಡು ನಿಮಿಷ ಪ್ರಾರ್ಥನೆ ಮಾಡಿದರು, ಅದು ಚೆನ್ನಾಗಿತ್ತು. ಹೆಸರು ಬೇಡ ಬಿಡಿ.

ಪರದೆಯ ಮೇಲೆ ನೋಡುವುದು ಸಪ್ಪೆ ಅಂದುಕೊಂಡಿದ್ದೆ. ಅಲ್ಲವೇ ಅಲ್ಲ. ಗ್ಲೋಬಲ್ ಲೀಡರ್‌ಶಿಪ್ ಸಮಿಟ್ ಹೆಸರು ಕೇಳಿರುತ್ತೀರಿ. 1995ರಲ್ಲಿ ಚಿಕಾಗೋ ಹತ್ತಿರದ ವಿಲ್ಲೋ ಕ್ರೀಕ್ ಸಭೆ ಶುರು ಮಾಡಿದ್ದು. ಆಗಸ್ಟ್‌ನಲ್ಲಿ ಎರಡು ದಿನ ನಡೆಯುತ್ತದೆ, ಆಮೇಲೆ ಬೇರೆ ಬೇರೆ ದೇಶಗಳಲ್ಲಿ ಸಭೆಗಳು ಅದರ ರೆಕಾರ್ಡಿಂಗ್ ಹಾಕಿ ತೋರಿಸುತ್ತವೆ. ಪಾಸ್ಟರ್‌ಗಳ ಜೊತೆ ಜಿಮ್ ಕಾಲಿನ್ಸ್, ಪ್ಯಾಟ್ರಿಕ್ ಲೆನ್ಸಿಯೋನಿ ಥರದ ಮ್ಯಾನೇಜ್‌ಮೆಂಟ್ ಜನರನ್ನೂ ಕರೆಯುವುದು ಅದರ ವಿಶೇಷ. ನಾನು ನೋಡಿದ್ದು ಎಂಬತ್ತು ಜನರ ಜೊತೆ, ಪ್ಲಾಸ್ಟಿಕ್ ಕುರ್ಚಿಯಲ್ಲಿ. ಹಾಲ್‌ನ ಆ ಮೈ ಜುಮ್ಮೆನ್ನುವ ಅನುಭವ ಇಲ್ಲ, ನಿಜ. ಆದರೆ ಪ್ರತಿ ಭಾಷಣದ ನಂತರ ವಿಡಿಯೋ ನಿಲ್ಲಿಸಿ ಆರಾರು ಜನ ಗುಂಪಾಗಿ ಕೂತೆವು. ಪಕ್ಕದಲ್ಲಿ ಕೂತವರು ಮುಂದಿನ ಭಾನುವಾರವೂ ಸಿಗುವವರು. "ಏನು, ಆ ಹುಡುಗನ ಹತ್ತಿರ ಸಾರಿ ಕೇಳ್ತೀನಿ ಅಂದಿದ್ಯಲ್ಲ, ಕೇಳಿದ್ಯಾ?" ಅಂತ ಆ ಗುಂಪಿನ ಒಬ್ಬ ಅಂಕಲ್ ಮೂರು ವಾರ ಬಿಡದೆ ಕೇಳಿದರು. ಕೊನೆಗೆ ಅವರ ಕಾಟಕ್ಕಾದರೂ ಕೇಳಿಬಿಟ್ಟೆ. ಹಾಲ್‌ನಲ್ಲಿ ನನಗೆ ಕೈಕುಲುಕಿದ ಯಾರೂ ಹಾಗೆ ಕೇಳುವ ಸಾಧ್ಯತೆಯೇ ಇರಲಿಲ್ಲ. ಹಾಲ್ ಮತ್ತು ಪರದೆ ಇವೆರಡರಲ್ಲೇ ಆರಿಸು ಅಂದರೆ ನಾನು ಕಣ್ಣುಮುಚ್ಚಿಕೊಂಡು ಪರದೆ ಅನ್ನುತ್ತೇನೆ.

ಇದೇ ಸಮಿಟ್‌ನ ವಿಷಯದಲ್ಲಿ ಇನ್ನೊಂದನ್ನು ಹೇಳದೆ ಹೋದರೆ ತಪ್ಪಾಗುತ್ತದೆ. ಅದನ್ನು ಕಟ್ಟಿದ ಹಿರಿಯ ಪಾಸ್ಟರ್ ಮೇಲೆ ಹಲವು ಮಹಿಳೆಯರು ದೂರು ಹೇಳಿದರು. ಅವರು ಅಲ್ಲಗಳೆದರು, 2018ರ ಏಪ್ರಿಲ್‌ನಲ್ಲಿ ಹುದ್ದೆ ಬಿಟ್ಟರು. ಮರುವರ್ಷ ಸ್ವತಂತ್ರ ಸಲಹಾ ತಂಡವೊಂದು ಆ ದೂರುಗಳು ನಂಬುವಂಥವೇ ಎಂದಿತು. ಸಮಿಟ್ ನಿಲ್ಲಲಿಲ್ಲ, ಈಗ ಬೇರೆಯವರು ನಡೆಸುತ್ತಾರೆ. ಅದರಲ್ಲಿ ನಾನು ಕಲಿತದ್ದು ಸುಳ್ಳಾಗಿಬಿಟ್ಟಿತು ಅಂತಲ್ಲ. ಆದರೆ ವೇದಿಕೆಯ ಮೇಲೆ ಅರ್ಧ ಗಂಟೆ ನೋಡಿದವರನ್ನು 'ನನ್ನ ಗುರು' ಅನ್ನುವ ಅಭ್ಯಾಸ ಮಾತ್ರ ಅಲ್ಲಿಗೆ ಬಿಟ್ಟೆ.

ಮೆಂಟರ್‌ಗಳ ಕಡೆ ಬರೋಣ. ಎಚ್‌ಆರ್ ಕೊಟ್ಟ ಸರ್ ಬಗ್ಗೆ ಹೇಳಲು ಜಾಸ್ತಿ ಇಲ್ಲ. ಒಳ್ಳೆಯವರು. ಆರು ತಿಂಗಳಲ್ಲಿ ಆರು ಭೇಟಿ ಆಗಬೇಕಿತ್ತು, ಆದದ್ದು ಮೂರು. ಮೂರರಲ್ಲೂ ಒಂದು ಫಾರ್ಮ್ ತುಂಬಿದೆವು. ಮುಂದೆ.

ಅಕ್ಕನ ವಿಷಯ ಹಾಗಲ್ಲ. ಅವರು ಬೇರೆ ಡಿಪಾರ್ಟ್‌ಮೆಂಟ್, ಬೇರೆ ಮಹಡಿ. ಊಟದ ಹೊತ್ತಿನಲ್ಲಿ ನಾನು ಕಣ್ಣು ಮುಚ್ಚಿ ಪ್ರಾರ್ಥನೆ ಮಾಡಿದ್ದನ್ನು ನೋಡಿ ತಾವಾಗಿಯೇ ಬಂದು ಮಾತಾಡಿಸಿದರು. ಒಂದು ವರ್ಷ, ಪ್ರತಿ ಬುಧವಾರ. ನನ್ನ ತಂದೆಗೆ ಹುಷಾರಿಲ್ಲದಾಗ ಅವರು ಎಷ್ಟು ದಿನ ಪ್ರಾರ್ಥನೆ ಮಾಡಿದರು ಅಂತ ನನಗೆ ಗೊತ್ತು. ಆ ಋಣ ದೊಡ್ಡದು. ಆದರೂ ಮೆಂಟರ್ ಅಂತ ನೋಡಿದರೆ ಒಂದು ಕೊರತೆ ಇತ್ತು. ಅದನ್ನು ಅರ್ಥ ಮಾಡಿಕೊಳ್ಳಲು ನನಗೆ ತುಂಬಾ ಸಮಯ ಹಿಡಿಯಿತು.

ನನ್ನ ಟೀಮಿನ ಒಬ್ಬಳ ಜೊತೆ ನನಗೆ ಜಗಳವಾಯಿತು. ಅಕ್ಕನಿಗೆ ಎಲ್ಲಾ ಹೇಳಿದೆ. ಅವರು ನನ್ನ ಕೈ ಹಿಡಿದುಕೊಂಡು, "ಬಿಡು ಪುಟ್ಟಾ, ವಿಶ್ವಾಸಿಗಳಿಗೆ ಇಂಥದ್ದೆಲ್ಲ ಬಂದೇ ಬರುತ್ತೆ" ಅಂದರು. ಎಷ್ಟು ಸಮಾಧಾನವಾಯಿತು ಅಂತೀರಿ! ಆದರೆ ಅವರು ಕೇಳಿದ್ದು ನಾನು ಹೇಳಿದ್ದನ್ನಷ್ಟೇ. ನಾನು ಆ ಹುಡುಗಿಯ ಮಾತನ್ನು ಮೀಟಿಂಗ್‌ನಲ್ಲಿ ಎರಡು ಸಲ ತುಂಡರಿಸಿದ್ದನ್ನು ಹೇಳಿರಲಿಲ್ಲ. ಬೇಕಂತ ಮುಚ್ಚಿಟ್ಟಿದ್ದಲ್ಲ. ನನಗೇ ಅದು ಕಂಡಿರಲಿಲ್ಲ.

ಅದನ್ನು ಕಂಡವರು ಮೇಡಂ. ಪಕ್ಕದ ಟೀಮಿನ ಮುಖ್ಯಸ್ಥೆ, ನನ್ನಿಂದ ಮೂರು ಟೇಬಲ್ ಆಚೆ. ಆ ಮೀಟಿಂಗ್‌ನಲ್ಲಿ ಅವರೂ ಇದ್ದರು. ಹೊರಗೆ ಬರುವಾಗ ಮೆಲ್ಲಗೆ, "ಅವಳು ಹೇಳ್ತಿದ್ದಿದ್ದು ಸರಿ ಇತ್ತು. ನೀನು ಪೂರ್ತಿ ಕೇಳಲಿಲ್ಲ" ಅಂದು ಮುಂದೆ ಹೋದರು. ಎರಡು ದಿನ ನನಗೆ ಅವರ ಮೇಲೆ ಸಿಟ್ಟಿತ್ತು.

ಆಮೇಲೆ ಬಂತು ಆ ಮೇಲ್. ಗ್ರಾಹಕರೊಬ್ಬರಿಗೆ ಒಂದೇ ಬಿಲ್ ಎರಡು ಸಲ ಹಾಕಿಬಿಟ್ಟಿದ್ದೆವು. ಅವರಿಗೆ ಉತ್ತರ ಬರೆಯಬೇಕಿತ್ತು. ಬರೆದು, ಪ್ರಿಂಟ್ ತೆಗೆದು ಮೇಡಂ ಮುಂದಿಟ್ಟೆ. ಅವರು ಪೆನ್ಸಿಲ್ ತೆಗೆದು ಏನೂ ಮಾತಾಡದೆ ಸುತ್ತು ಹಾಕತೊಡಗಿದರು. ಇಂಗ್ಲಿಷ್ ಮೇಲ್, ಹಾಗಾಗಿ ಎಲ್ಲೆಲ್ಲಿ 'ಐ' ಇದೆಯೋ ಅಲ್ಲೆಲ್ಲ ಒಂದು ಸುತ್ತು, ಎಲ್ಲೆಲ್ಲಿ 'ಬಟ್' ಇದೆಯೋ ಅಲ್ಲಿ ಎರಡು ಸುತ್ತು. ಹನ್ನೊಂದು 'ಐ', ನಾಲ್ಕು 'ಬಟ್'.

"ಕಥೆ ಚೆನ್ನಾಗಿದೆ ಕಣಮ್ಮಾ. ಅವರ ದುಡ್ಡು ಯಾವತ್ತು ವಾಪಸ್ ಬರುತ್ತೆ ಅಂತ ಎಲ್ಲಿ ಬರೆದಿದೀಯ?"

ಕೊನೆಯ ಸಾಲಿನಲ್ಲಿತ್ತು. ಅವರು ಅದಕ್ಕೊಂದು ಬಾಣ ಎಳೆದು ಮೇಲೆ ತಂದು, ಉಳಿದದ್ದರ ಮೇಲೆ ಅಡ್ಡಗೆರೆ ಹಾಕಿದರು. ಇಪ್ಪತ್ತೆರಡು ಸಾಲಿನ ಮೇಲ್ ನಾಲ್ಕು ಸಾಲಾಯಿತು. ಎಲ್ಲಾ ಸೇರಿ ಏಳೆಂಟು ನಿಮಿಷ. ವಿನಯದ ಬಗ್ಗೆ ನಾನು ಹಾಲ್‌ಗಳಲ್ಲಿ ಕಡಿಮೆಯೆಂದರೂ ನಾಲ್ಕು ಉಪದೇಶ ಕೇಳಿದ್ದೆ.

ಎಲ್ಲಾ ಕಾನ್ಫರೆನ್ಸ್‌ಗಳಲ್ಲೂ 'ಸರ್ವೆಂಟ್ ಲೀಡರ್', ಅಂದರೆ ಸೇವಕನಂತೆ ನಡೆದುಕೊಳ್ಳುವ ನಾಯಕ, ಅನ್ನುವ ಮಾತು ಬಂದೇ ಬರುತ್ತದೆ. ಯೇಸು ಶಿಷ್ಯರ ಪಾದ ತೊಳೆದ ಚಿತ್ರ ಪರದೆಯ ಮೇಲೆ ಮೂಡುತ್ತದೆ. ಆ ಪದಜೋಡಿಯನ್ನು ಚಾಲ್ತಿಗೆ ತಂದದ್ದು ಯಾವ ಬೋಧಕರೂ ಅಲ್ಲ, ಅಮೆರಿಕದ ಟೆಲಿಫೋನ್ ಕಂಪನಿ ಎಟಿ ಆಂಡ್ ಟಿಯಲ್ಲಿ 38 ವರ್ಷ ದುಡಿದ ರಾಬರ್ಟ್ ಗ್ರೀನ್‌ಲೀಫ್. ಕ್ವೇಕರ್ ಎಂಬ ಕ್ರೈಸ್ತ ಪಂಗಡದವರು. ನಿವೃತ್ತರಾದ ಮೇಲೆ 1970ರಲ್ಲಿ ಒಂದು ಪ್ರಬಂಧದಲ್ಲಿ ಬರೆದರು. ಅಂದರೆ ಮಾತು ಹುಟ್ಟಿದ್ದು ಆಫೀಸಿನ ಅನುಭವದಲ್ಲೇ. ನಾನು ಅದನ್ನು ಕಣ್ಣಾರೆ ಕಂಡಿದ್ದೂ ಆಫೀಸಿನಲ್ಲೇ. ಕ್ವಾರ್ಟರ್ ಮುಗಿಯುವ ರಾತ್ರಿ, ಎಷ್ಟು ಸಲ ಕೂಡಿದರೂ ತಾಳೆಯಾಗದ ಒಂದು ಲೆಕ್ಕವನ್ನು ಮೇಡಂ ತಮ್ಮ ಟೇಬಲ್‌ಗೆ ಎಳೆದುಕೊಂಡು, ಮಗು ಇದ್ದ ಹುಡುಗಿಯನ್ನು ಮನೆಗೆ ಕಳಿಸಿದರು. ಅದನ್ನು ಯಾರಿಗೂ ಹೇಳಿಕೊಳ್ಳಲಿಲ್ಲ.

ವಿಶ್ವಾಸಿಯಲ್ಲದವರು ಮೆಂಟರ್ ಆಗಬಹುದಾ ಅಂತ ಸಭೆಯಲ್ಲಿ ಒಬ್ಬರು ನನ್ನನ್ನು ನೇರವಾಗಿಯೇ ಕೇಳಿದರು. ಬೈಬಲಿನ ವಿಮೋಚನಕಾಂಡದ 18ನೇ ಅಧ್ಯಾಯ ಓದಿ ಅಂದೆ. ಮೋಶೆಯ ಮಾವ ಇತ್ರೋ ಇಸ್ರಾಯೇಲ್ಯನಲ್ಲ, ಮಿದ್ಯಾನಿನ ಯಾಜಕ. ಅಳಿಯನನ್ನು ನೋಡಲು ಬಂದವನು ಒಂದು ದಿನ ಪೂರ್ತಿ ಅವನ ಕೆಲಸ ನೋಡಿದ. ಬೆಳಗಿನಿಂದ ಸಂಜೆವರೆಗೂ ಜನ ನಿಂತಿದ್ದರು, ಮೋಶೆ ಒಬ್ಬನೇ ಕೂತು ನ್ಯಾಯ ತೀರಿಸುತ್ತಿದ್ದ. ನೀನು ಮಾಡುತ್ತಿರುವುದು ಸರಿಯಲ್ಲ, ನೀನೂ ಸೋತುಹೋಗುತ್ತೀಯ, ಜನರೂ ಸೋತುಹೋಗುತ್ತಾರೆ ಅಂದುಬಿಟ್ಟ. ಕೆಲಸ ಹಂಚುವುದು ಹೇಗೆ ಅಂತ ಹೇಳಿಕೊಟ್ಟು ತನ್ನ ದೇಶಕ್ಕೆ ಹೊರಟುಹೋದ. ಮೊದಲು ನೋಡಿದ, ಆಮೇಲೆ ಹೇಳಿದ. ನನಗೆ ಈ ಹೋಲಿಕೆಯೆಲ್ಲ ನಿಂತಿರುವುದು ಅಲ್ಲೇ. ಹಾಲ್‌ನಲ್ಲಿ ನಾನು ಅವರನ್ನು ನೋಡುತ್ತೇನೆ. ಅಕ್ಕ ನನ್ನ ಮಾತು ಕೇಳುತ್ತಾರೆ. ಮೇಡಂ ನನ್ನನ್ನು ನೋಡುತ್ತಾರೆ. ಪೌಲ ಮತ್ತು ಅವನ ಶಿಷ್ಯ ತಿಮೊಥೆಯ ಉದಾಹರಣೆ ಕೊಡುವವರೂ ಪೌಲ ಅವನಿಗೆ ಬರೆದ ಪತ್ರಗಳ ಬಗ್ಗೆಯೇ ಹೇಳುತ್ತಾರೆ. ಪತ್ರಕ್ಕಿಂತ ಎಷ್ಟೋ ಮುಂಚೆಯೇ ಪೌಲ ಅವನನ್ನು ಊರೂರು ಜೊತೆಗೆ ಕರೆದುಕೊಂಡು ತಿರುಗಿದ್ದ, ಅಲ್ವಾ?

ಕಾನ್ಫರೆನ್ಸ್ ನಡೆಸುವವರಿಗೂ ಇದು ಗೊತ್ತಿಲ್ಲ ಅಂತಲ್ಲ. ಸುವಾರ್ತೆಗಾಗಿ ಹಲವು ದೇಶಗಳ ಕ್ರೈಸ್ತ ನಾಯಕರನ್ನು ಒಟ್ಟು ಸೇರಿಸುವ ಲೋಸಾನ್ ಚಳವಳಿ 2016ರಲ್ಲಿ ಜಕಾರ್ತಾದಲ್ಲಿ ಯುವ ನಾಯಕರ ಸಮಾವೇಶ ಮಾಡಿದಾಗ ಹಿರಿಯ ಮೆಂಟರ್‌ಗಳನ್ನೂ ಕರೆಸಿತ್ತು, ಅಲ್ಲಿಗೇ ಮುಗಿಸದೆ ಹತ್ತು ವರ್ಷದ ಯೋಜನೆಯನ್ನೂ ಹಾಕಿಕೊಂಡಿತ್ತು.

ಮೇಡಂ ಹತ್ತಿರ ಸಿಗದ್ದೂ ಇದೆ. ಸಂಬಳ ಜಾಸ್ತಿ ಇರುವ ಒಂದು ಕೆಲಸ ಬಂದಿತ್ತು, ಆದರೆ ಭಾನುವಾರ ಪೂರ್ತಿ ಹೋಗುತ್ತಿತ್ತು. ಸಂಬಳ, ಹುದ್ದೆ, ಮುಂದಿನ ದಾರಿ ಎಲ್ಲವನ್ನೂ ಮೇಡಂ ಕೂತು ಲೆಕ್ಕ ಹಾಕಿಕೊಟ್ಟರು. ಭಾನುವಾರದ ಮಾತು ಬಂದಾಗ ನಕ್ಕು, "ಅದು ನನ್ನ ಡಿಪಾರ್ಟ್‌ಮೆಂಟ್ ಅಲ್ಲಮ್ಮಾ" ಅಂದರು. ಅದಕ್ಕೆ ಅಕ್ಕನ ಹತ್ತಿರವೇ ಹೋದೆ. ಇನ್ನೊಂದು ಅಪಾಯವನ್ನೂ ಗಮನಿಸಿದ್ದೇನೆ. ಒಬ್ಬರನ್ನೇ ಹಿಡಿದುಕೊಂಡರೆ ಅವರ ನಕಲು ಆಗಿಬಿಡುತ್ತೇವೆ. ಈಚೆಗೆ ನನ್ನ ಮೇಲ್‌ಗಳು ಎಷ್ಟು ಒಣಕಲಾಗಿವೆ ಅಂದರೆ, ಜೂನಿಯರ್ ಹುಡುಗನೊಬ್ಬ "ಮೇಡಂ, ನನ್ನ ಮೇಲೆ ಸಿಟ್ಟಾ?" ಅಂತ ಕೇಳಿದ.

ಹಾಗಾಗಿ ಈಗಿನ ನನ್ನ ಏರ್ಪಾಡು ಇಷ್ಟು: ಮೇಡಂ ಹದಿನೈದು ದಿನಕ್ಕೊಮ್ಮೆ ಅರ್ಧ ಗಂಟೆ, ಅಕ್ಕ ತಿಂಗಳಿಗೊಮ್ಮೆ, ಪರದೆಯ ಸಮಾವೇಶ ವರ್ಷಕ್ಕೊಮ್ಮೆ, ಹಾಲ್ ಮೂರು ವರ್ಷಕ್ಕೊಮ್ಮೆ ಆದರೆ ಆಯಿತು. ಈಗಷ್ಟೇ ಕೆಲಸಕ್ಕೆ ಸೇರಿದವರು ಒಂದು ದೊಡ್ಡ ಹಾಲ್‌ಗೆ ಹೋಗಿಬನ್ನಿ. ಎರಡನೆಯದಕ್ಕೆ ದುಡ್ಡು ಕಟ್ಟುವ ಮುಂಚೆ ನಿಮ್ಮ ಅಕ್ಕಪಕ್ಕದ ಟೇಬಲ್‌ಗಳನ್ನು ಒಮ್ಮೆ ನೋಡಿಕೊಳ್ಳಿ.

ಕೇಳುವುದು ಹೇಗೆ ಅನ್ನುವುದೇ ಹಲವರಿಗೆ ಕಷ್ಟ. "ನೀವು ನನ್ನ ಮೆಂಟರ್ ಆಗ್ತೀರಾ" ಅಂತ ಕೇಳಬೇಡಿ, ಎದುರಿನವರು ಗಾಬರಿಯಾಗುತ್ತಾರೆ. ನಾನು ಮೇಡಂಗೆ ಕಳಿಸಿದ ಮೆಸೇಜ್ ಇಷ್ಟೇ: "ಮೇಡಂ, ಅವತ್ತು ಮೀಟಿಂಗ್ ವಿಷಯದಲ್ಲಿ ನೀವು ಹೇಳಿದ್ದು ಸರಿ. ಗ್ರಾಹಕರಿಗೆ ಒಂದು ಮೇಲ್ ಬರೆದಿದ್ದೇನೆ, ಕಳಿಸುವ ಮುಂಚೆ ಹತ್ತು ನಿಮಿಷ ನೋಡುತ್ತೀರಾ?"

ಸಂಜೆ ಉತ್ತರ ಬಂತು: "ಗುರುವಾರ ನಾಲ್ಕು ಗಂಟೆ. ಪ್ರಿಂಟ್ ತಗೊಂಡು ಬಾ, ಸ್ಕ್ರೀನ್ ಮೇಲೆ ನಂಗೆ ಓದೋಕಾಗಲ್ಲ."