ಐದು ವರ್ಷ, 82,000 ಕಿ.ಮೀ: ಹೊಗೆಯ ಮಾತು ನಿಜವಾಯಿತು, ಕಸದ ಮಾತು ಸುಳ್ಳಾಯಿತು

2020ರ ದಸರೆಗೆ ಈ ಡೀಸೆಲ್ ಕಾರು ತಗೊಂಡೆ. ಓಡಾಟ ಹೆಚ್ಚಾಗಿ ವಿಜಯಪುರದೊಳಗೇ, ಆಗಾಗ ಸೊಲ್ಲಾಪುರ. ಮೈಲೇಜ್ 19, ಎಸಿ ಚೆನ್ನಾಗಿದೆ, ಹಿಂದಿನ ಸೀಟು ಗಟ್ಟಿ. ಇಷ್ಟು ಸಾಕು. ನಾನು ಹೇಳಬೇಕಿರುವುದು ಶೋರೂಮಿನ ಗೋಡೆಯ ಹಸಿರು ಬೋರ್ಡಿನ ಬಗ್ಗೆ. ಕಡಿಮೆ ಹೊಗೆ, ಕಡಿಮೆ ಕಸ ಅಂತ ಅದರಲ್ಲಿತ್ತು. ನಾನು ನಂಬಿದ್ದೆ.

ಹೊಗೆಯ ಮಾತು ನಿಜ. ನನ್ನ ಹಳೆಯ ಕಾರಿನ ಸೈಲೆನ್ಸರ್ ಒಳಗೆ ಬೆರಳಾಡಿಸಿದರೆ ಕಾಡಿಗೆ ಮೆತ್ತಿದ ಹಾಗೆ ಆಗುತ್ತಿತ್ತು. ಇದರೊಳಗೆ ಬಿಳಿ ಬಟ್ಟೆ ಹಾಕಿ ಒರೆಸಿದರೂ ಬೂದಿ ಬಣ್ಣದ ಸಣ್ಣ ಕಲೆ, ಅಷ್ಟೆ. ಗಾಡಿಗಳ ಹೊಗೆಗೆ ಸರ್ಕಾರ ಹಾಕಿದ ಮಿತಿ ಬಿಎಸ್6 ಬಂದ ಮೇಲೆ ಡೀಸೆಲ್ ಕಾರು ಕಿಲೋಮೀಟರಿಗೆ 4.5 ಮಿಲಿಗ್ರಾಂಗಿಂತ ಜಾಸ್ತಿ ಮಸಿ ಬಿಡುವಂತಿಲ್ಲ. ಅದಕ್ಕೂ ಮುಂಚಿನ ಬಿಎಸ್4ರಲ್ಲಿ 25 ಇತ್ತು. ಮಸಿ ಹಿಡಿಯುವ ಫಿಲ್ಟರ್ ಊರೊಳಗಿನ ಸಣ್ಣ ಓಡಾಟಕ್ಕೆ ಬೇಗ ಕಟ್ಟಿಕೊಳ್ಳುತ್ತದೆ. ಡ್ಯಾಶ್‌ಬೋರ್ಡಿನಲ್ಲಿ ಫಿಲ್ಟರಿನ ದೀಪ ಹತ್ತಿದರೆ ಸೊಲ್ಲಾಪುರ ರಸ್ತೆಯಲ್ಲಿ ಇಪ್ಪತ್ತು ನಿಮಿಷ ಒಂದೇ ವೇಗದಲ್ಲಿ ಓಡಿಸಿ ಬರುತ್ತೇನೆ. ಮಸಿ ಒಳಗೇ ಸುಟ್ಟುಹೋಗುತ್ತದೆ.

ಆದರೆ ಇದು ಕಾನೂನು ಮಾಡಿಸಿದ ಕೆಲಸ, ಕಂಪನಿಗಳು ತಾವಾಗಿ ಮಾಡಿದ್ದಲ್ಲ. 2015ರಲ್ಲಿ ಫೋಕ್ಸ್‌ವ್ಯಾಗನ್ ಸಿಕ್ಕಿಬಿದ್ದದ್ದು ನೆನಪಿದೆ ಅಲ್ವಾ? ಪರೀಕ್ಷೆ ಹೊತ್ತಿನಲ್ಲಿ ಮಾತ್ರ ಹೊಗೆ ತಗ್ಗಿಸುವ ಸಾಫ್ಟ್‌ವೇರ್, ಜಗತ್ತಿನಲ್ಲಿ ಸುಮಾರು 1.1 ಕೋಟಿ ಕಾರುಗಳಲ್ಲಿ! ಈಗ ನಮ್ಮಲ್ಲೂ 2023ರಿಂದ ಹೊಸ ಕಾರಿನ ಹೊಗೆಯನ್ನು ರಸ್ತೆ ಮೇಲೆ ಓಡಿಸಿ ಅಳೆಯುತ್ತಾರೆ.

ಕಸದ ಕಥೆ ಬೇರೆ. ಹೋದ ವರ್ಷ ಎಮ್ಮೆ ಅಡ್ಡ ಬಂದು ಎಡಗಡೆ ಹೆಡ್‌ಲೈಟಿನ ಪ್ಲಾಸ್ಟಿಕ್ ಕಿವಿ, ಅಂದರೆ ಅದನ್ನು ಕಾರಿಗೆ ಬಿಗಿಯುವ ಚಾಚು, ಮುರಿಯಿತು. ಹೆಬ್ಬೆರಳಿನಷ್ಟು ತುಂಡು. ಲೈಟು ಉರಿಯುತ್ತಿತ್ತು, ಗಾಜಿಗೆ ಗೀರೂ ಇರಲಿಲ್ಲ. ಸರ್ವಿಸ್ ಸೆಂಟರಿನ ಹುಡುಗ, "ಬರೇ ಅದೊಂದ್ ಸಿಗಂಗಿಲ್ರಿ ಸರ, ಪೂರ್ತಿ ಸೆಟ್ಟೇ ಹಾಕಬೇಕು" ಅಂದ. 14,000 ರೂಪಾಯಿ. ಹಳೆಯದು ಎಲ್ಲಿಗೆ ಹೋಗುತ್ತೆ ಅಂತ ಕೇಳಿದೆ. ಹಿಂದಿನ ಬೇವಿನ ಮರ ತೋರಿಸಿದ. ಅದರ ಕೆಳಗೆ ಬಂಪರ್, ಲೈಟು, ಕನ್ನಡಿಗಳ ರಾಶಿ. ಎಷ್ಟೋ ಬಂಪರ್‌ಗಳಿಗೆ ಒಂದು ಬಿರುಕು ಮಾತ್ರ. ನೋಡಿ ಹೊಟ್ಟೆ ಉರಿಯಿತು.

ಸ್ಟೇಷನ್ ರಸ್ತೆ ಕಡೆ ಪ್ಲಾಸ್ಟಿಕ್ ಬೆಸೆಯುವ ಕಾಕಾ ಒಬ್ಬರಿದ್ದಾರೆ. ಸಣ್ಣ ತಂತಿಜಾಲರಿ ಕಾಸಿ, ಮುರಿದ ಕಿವಿಗೆ ಒತ್ತಿ ಕೂರಿಸಿದರು. 400 ರೂಪಾಯಿ. ಇವತ್ತಿಗೂ ಅಲುಗಿಲ್ಲ.

2025ರ ಏಪ್ರಿಲ್‌ನಿಂದ ಆಯುಷ್ಯ ಮುಗಿದ ಗಾಡಿಗಳ ಹೊಣೆ ಕಂಪನಿಗಳ ಮೇಲಿದೆ. ಒಳ್ಳೆಯದೇ. ಆದರೆ ಅದರ ಗುರಿ ಉಕ್ಕಿನ ಲೆಕ್ಕದಲ್ಲಿದೆ. ಬೇವಿನ ಮರದ ಕೆಳಗಿನ ಪ್ಲಾಸ್ಟಿಕ್ ರಾಶಿ ಆ ಲೆಕ್ಕಕ್ಕೆ ಬರುವುದಿಲ್ಲ.

ಇಂಜಿನ್, ಹೊಗೆಗೆ ಐದಕ್ಕೆ ನಾಲ್ಕು. ಕಸದ ಮಾತಿಗೆ ಒಂದು. ಕೊಳ್ಳುವವರು ಬುಕಿಂಗ್‌ಗೆ ಮೊದಲು ಬಿಡಿಭಾಗದ ಪಟ್ಟಿ ಕೇಳಿ. ಹೆಡ್‌ಲೈಟಿನ ಕಿವಿ ಬೇರೆ ಸಿಗುತ್ತದಾ ನೋಡಿ.