ಹಿಡಿತ ಮಾರುವವನು ನೋಡಿದ ‘ಟೋಕಿಯೊ ಡ್ರಿಫ್ಟ್’

ಹಾಸನದಲ್ಲಿ ನನ್ನದೊಂದು ಟೈರ್ ಮತ್ತು ವೀಲ್ ಅಲೈನ್‌ಮೆಂಟ್ ಅಂಗಡಿ ಇದೆ. ಇಪ್ಪತ್ತಾರು ವರ್ಷಗಳಿಂದ ನಾನು ಮಾರುತ್ತಿರುವ ಸರಕು ಒಂದೇ: ಹಿಡಿತ. ಮುಂಗಾರು ಶುರುವಾದರೆ ಗಿರಾಕಿಗಳ ಟೈರಿನ ಮೇಲೆ ಬೆರಳಾಡಿಸಿ, “ಬಟನ್ ಎಲ್ಲಿದೆ ಸ್ವಾಮಿ? ಇದರಲ್ಲಿ ಶಿರಾಡಿ ಇಳಿಯುತ್ತೀರಾ?” ಎಂದು ಬೈಯುವುದರಲ್ಲೇ ಅರ್ಧ ದಿನ ಹೋಗುತ್ತದೆ. ಅಂಥವನ ಮುಂದೆ ಒಂದು ಭಾನುವಾರ ಮಗಳು ‘ದಿ ಫಾಸ್ಟ್ ಅಂಡ್ ದಿ ಫ್ಯೂರಿಯಸ್: ಟೋಕಿಯೊ ಡ್ರಿಫ್ಟ್’ ಹಾಕಿದಳು. “ಅಪ್ಪಾ, ಟೈರ್ ಸುಡುವುದನ್ನು ನೋಡಿ ನಿನ್ನ ಹೊಟ್ಟೆ ಉರಿಯಬೇಕು, ನೋಡು” ಎಂದಳು. 104 ನಿಮಿಷದ ಸಿನಿಮಾ. ಹೊಟ್ಟೆ ಉರಿಯಿತು. ಆದರೆ ಎದ್ದು ಹೋಗಲಿಲ್ಲ; ಮುಗಿದ ಮೇಲೆ ಮೂರು ದೃಶ್ಯಗಳನ್ನು ಹಿಂದಕ್ಕೆ ಓಡಿಸಿ ಇನ್ನೊಮ್ಮೆ ನೋಡಿದೆ.

2006ರ ಚಿತ್ರ ಇದು, ಆ ಸರಣಿಯಲ್ಲಿ ಮೂರನೆಯದು. ನಿರ್ದೇಶಕ ಜಸ್ಟಿನ್ ಲಿನ್. ಕಥೆಯನ್ನು ಬೇಗ ಹೇಳಿ ಮುಗಿಸುತ್ತೇನೆ, ಏಕೆಂದರೆ ಚಿತ್ರಕ್ಕೂ ಅದರ ಮೇಲೆ ಅಷ್ಟೇನೂ ಪ್ರೀತಿ ಇಲ್ಲ. ಶಾನ್ ಎಂಬ ಅಮೆರಿಕದ ಹುಡುಗ ರೇಸ್ ಮಾಡಿ ಕಾರು ಒಡೆದು ಪೊಲೀಸರ ಕೈಗೆ ಸಿಕ್ಕಿಬೀಳುತ್ತಾನೆ. ಜೈಲು ತಪ್ಪಿಸಲು ತಾಯಿ ಅವನನ್ನು ಟೋಕಿಯೊದಲ್ಲಿರುವ ನೌಕಾಪಡೆಯ ತಂದೆಯ ಬಳಿಗೆ ಸಾಗಹಾಕುತ್ತಾಳೆ. ಅಲ್ಲಿ ರಾತ್ರಿ ಹೊತ್ತು ನಡೆಯುವ ಕಳ್ಳ ರೇಸುಗಳು, ಯಾಕುಜಾ ಎಂಬ ಜಪಾನಿ ಮಾಫಿಯಾದ ನಂಟಿನ ಖಳ, ಅವನ ಜೊತೆಗಿರುವ ಹುಡುಗಿ. ಮುಂದಿನದನ್ನು ನೀವೇ ಊಹಿಸಿದರೆ ನೂರಕ್ಕೆ ತೊಂಬತ್ತು ಅಂಕ ಸಿಗುತ್ತದೆ. ಶಾನ್ ಪಾತ್ರದ ಲ್ಯೂಕಸ್ ಬ್ಲ್ಯಾಕ್ ಶಾಲೆಯ ಹುಡುಗನಂತೆ ಕಾಣುವುದೇ ಇಲ್ಲ. ಸಮವಸ್ತ್ರ ತೊಟ್ಟು ತರಗತಿಗೆ ಬಂದಾಗ ಇನ್‌ಸ್ಪೆಕ್ಷನ್ನಿಗೆ ಬಂದ ಅಧಿಕಾರಿಯ ಹಾಗಿದ್ದಾನೆ. ಅಲ್ಲಿ ಒಳಗೆ ಹಾಕಿಕೊಳ್ಳಲು ಬೇರೆಯೇ ಚಪ್ಪಲಿ ಬೇಕು, ‘ಉವಾಬಾಕಿ’. ಅದಿಲ್ಲದೆ ಬಂದವನನ್ನು ಟೀಚರು ಗದರುತ್ತಾರೆ. ಹೊಸ್ತಿಲಾಚೆ ಚಪ್ಪಲಿ ಬಿಟ್ಟು ಬೆಳೆದ ನಮಗೆ ಅದರಲ್ಲಿ ವಿಚಿತ್ರವೇನೂ ಕಾಣುವುದಿಲ್ಲ. ಅಮೆರಿಕದವರಿಗೆ ಅದು ನಗುವ ದೃಶ್ಯ.

ಸಿನಿಮಾ ನಿಜವಾಗಿ ಶುರುವಾಗುವುದು ಬಹುಮಹಡಿ ಪಾರ್ಕಿಂಗ್ ಕಟ್ಟಡದಲ್ಲಿ. ಶಾನ್‌ಗೆ ನೇರ ರಸ್ತೆಯಲ್ಲಿ ತುಳಿಯುವುದೊಂದೇ ಗೊತ್ತು. ಹಾನ್ ಎಂಬುವನು ತನ್ನ ನಿಸ್ಸಾನ್ ಸಿಲ್ವಿಯಾ ಕಾರಿನ ಕೀಲಿಯನ್ನು ಅವನತ್ತ ಎಸೆಯುತ್ತಾನೆ. ಎದುರಾಳಿಯಾದ ಆ ಖಳ ‘ಡಿ.ಕೆ.’, ಅಂದರೆ ಡ್ರಿಫ್ಟ್ ಕಿಂಗ್, ಇಕ್ಕಟ್ಟಾದ ಸುರುಳಿ ದಾರಿಯಲ್ಲಿ ಕಾರನ್ನು ಅಡ್ಡಡ್ಡಲಾಗಿ ಜಾರಿಸುತ್ತಾ, ಗೋಡೆಗೆ ಸವರಿಯೂ ಸವರದಂತೆ ಮೇಲೇರಿ ಹೋಗುತ್ತಾನೆ. ನಮ್ಮ ಹುಡುಗ ಪ್ರತಿ ತಿರುವಿನಲ್ಲೂ ಗೋಡೆಗೆ, ಕಂಬಕ್ಕೆ, ನಿಂತ ಗಾಡಿಗಳಿಗೆ ಗುದ್ದುತ್ತಾ ಮೇಲೆ ತಲುಪುವಾಗ ಆ ಚೆಂದದ ಕಾರು ಗುಜರಿಗೆ ಹಾಕುವ ಹಾಗಾಗಿರುತ್ತದೆ. ಈ ದೃಶ್ಯ ನನಗೆ ಹಿಡಿಸಿದ್ದು ಒಂದು ಕಾರಣಕ್ಕೆ: ನಾಯಕನಿಗೆ ಕೆಲಸ ಬರುವುದಿಲ್ಲ ಎಂದು ಸಿನಿಮಾ ಮುಚ್ಚುಮರೆಯಿಲ್ಲದೆ ಒಪ್ಪಿಕೊಳ್ಳುತ್ತದೆ. ಸಾಲ ತೀರಿಸಲು ಅವನು ಹಾನ್ ಹೇಳಿದ ಕೆಲಸವೆಲ್ಲ ಮಾಡಬೇಕು. ಸ್ನಾನಗೃಹದಲ್ಲಿ ಕುಳಿತ ಸುಮೊ ಪೈಲ್ವಾನನಿಂದ ಬಾಕಿ ವಸೂಲಿಗೂ ಹೋಗಬೇಕು. ಗ್ಯಾರೇಜಿನಲ್ಲಿ ಮೊದಲ ವರ್ಷ ಚಹಾ ತರುವುದೇ ಕೆಲಸವಾಗಿದ್ದವರಿಗೆ ಇದು ಅರ್ಥವಾಗುತ್ತದೆ.

ಡ್ರಿಫ್ಟ್ ಅಂದರೆ ಏನೆಂದು ಕೇಳುವವರಿಗೆ ಅಂಗಡಿಯ ಭಾಷೆಯಲ್ಲಿ ಹೇಳುತ್ತೇನೆ. ತಿರುವಿಗೆ ನುಗ್ಗುವಾಗ ಹ್ಯಾಂಡ್ ಬ್ರೇಕ್ ಎಳೆದೋ, ಕ್ಲಚ್ಚನ್ನು ಒದ್ದೋ ಹಿಂದಿನ ಚಕ್ರಗಳ ಹಿಡಿತ ತಪ್ಪಿಸುತ್ತಾರೆ. ಬಾಲ ಆಚೆ ಬೀಸುತ್ತದೆ. ಆಗ ಸ್ಟೇರಿಂಗನ್ನು ತಿರುವಿನ ಎದುರು ದಿಕ್ಕಿಗೆ ತಿರುಗಿಸಿ, ಆಕ್ಸಿಲರೇಟರಿನಲ್ಲಿ ತೂಕ ನೋಡುತ್ತಾ, ಜಾರುತ್ತಿರುವ ಗಾಡಿಯನ್ನು ಹಾಗೆಯೇ ತಿರುವಿನುದ್ದಕ್ಕೂ ಒಯ್ಯಬೇಕು. ಹಿಂದಿನ ಚಕ್ರಕ್ಕೆ ಶಕ್ತಿ ಹೋಗುವ ಗಾಡಿಯೇ ಆಗಬೇಕು, ಎರಡೂ ಚಕ್ರ ಒಟ್ಟಿಗೆ ತಿರುಗುವಂತೆ, ಶಕ್ತಿಯನ್ನು ಚಕ್ರಗಳಿಗೆ ಹಂಚುವ ಡಿಫರೆನ್ಷಿಯಲ್ ಬಿಗಿಯಾಗಿರಬೇಕು. ಚಿತ್ರದಲ್ಲಿ ಶಾನ್ ಓಡಿಸುವ ಕೆಂಪು ಮಿತ್ಸುಬಿಷಿ ಎವೊ ಮೂಲದಲ್ಲಿ ನಾಲ್ಕೂ ಚಕ್ರಗಳಿಗೆ ಶಕ್ತಿ ಕೊಡುವ ಕಾರು. ಚಿತ್ರೀಕರಣಕ್ಕಾಗಿ ಅದರ ಮುಂದಿನ ಚಕ್ರಗಳ ಸಂಪರ್ಕವನ್ನೇ ತೆಗೆದುಹಾಕಿದ್ದರಂತೆ. ಇದನ್ನು ಓದಿದಾಗ ಸಿನಿಮಾದವರ ಮೇಲೆ ಗೌರವ ಬಂತು. ಕಂಪ್ಯೂಟರಿನಲ್ಲಿ ತಿದ್ದುವುದು ಸುಲಭವಿತ್ತು. ಇವರು ಗಾಡಿಯ ಕೆಳಗೆ ಮಲಗಿದ್ದಾರೆ.

ಬಂದರಿನಲ್ಲಿ ಶಾನ್ ಡ್ರಿಫ್ಟ್ ಕಲಿಯುವ ಭಾಗವಂತೂ ನನಗೆ ಇಡೀ ಚಿತ್ರದ ಅತ್ಯುತ್ತಮ ಭಾಗ. ಗಾಡಿ ಸುತ್ತಿ ಸುತ್ತಿ ನಿಲ್ಲುತ್ತದೆ, ಟೈರಿನ ಹೊಗೆ ಏಳುತ್ತದೆ, ಪಕ್ಕದಲ್ಲಿ ಮೀನು ಹಿಡಿಯುತ್ತಾ ಕುಳಿತವರು ಹುಡುಗನ ಚಾಲನೆಯನ್ನು ಆಡಿಕೊಳ್ಳುತ್ತಾರೆ. ಹಾಗೆ ಆಡಿಕೊಳ್ಳುವವರಲ್ಲಿ ಒಬ್ಬರು ಕೇಯಿಚಿ ಸುಚಿಯಾ. ಜಪಾನಿನ ಬೆಟ್ಟದ ರಸ್ತೆಗಳಲ್ಲಿ ಪಳಗಿ ಡ್ರಿಫ್ಟನ್ನು ಲೋಕಕ್ಕೆ ಪರಿಚಯಿಸಿದ, ‘ಡ್ರಿಫ್ಟ್ ಕಿಂಗ್’ ಎಂಬ ಬಿರುದು ನಿಜವಾಗಿ ಯಾರಿಗೆ ಸೇರಬೇಕೋ ಅದೇ ಮನುಷ್ಯ! ಈ ಚಿತ್ರಕ್ಕಾಗಿ ಅವರು ಸ್ಟಂಟ್ ಚಾಲನೆಯನ್ನೂ ಮಾಡಿದ್ದಾರೆ. ಅವರು ಯಾರೆಂದು ಆ ದೃಶ್ಯದಲ್ಲಿ ಹೇಳುವುದಿಲ್ಲ. ಗೊತ್ತಿರುವವರು ಗೊತ್ತಿಟ್ಟುಕೊಂಡು ನಗಬೇಕು.

ಇಲ್ಲಿ ಕುಳಿತೇ ನಾನು ಹಿಂದಿನ ಟೈರುಗಳ ಲೆಕ್ಕ ಹಾಕಲು ಹೋಗಿ ಆರನೆಯ ಜೊತೆಗೆ ಕೈಬಿಟ್ಟೆ.

ಚಿತ್ರವನ್ನು ಹೊತ್ತು ನಿಂತಿರುವವನು ಹಾನ್. ಸಂಗ್ ಕಾಂಗ್ ಈ ಪಾತ್ರ ಮಾಡಿದ್ದಾರೆ. ಯಾವಾಗಲೂ ಏನಾದರೂ ಕುರುಕಲು ತಿನ್ನುತ್ತಾ, ಧ್ವನಿ ಏರಿಸದೆ, ಯಾರ ಮೇಲೂ ಹರಿಹಾಯದೆ ಇರುವ ಮನುಷ್ಯ. ಕಿತ್ತಳೆ ಕಪ್ಪು ಬಣ್ಣದ ಅವನ ಮಜ್ದಾ ಆರ್‌ಎಕ್ಸ್-7ರ ಮೈಕಟ್ಟು ಎಷ್ಟು ಅಗಲವೆಂದರೆ ನನ್ನ ಅಲೈನ್‌ಮೆಂಟ್ ಯಂತ್ರದ ಮೇಲೆ ಹತ್ತಿಸಲು ಎರಡು ಸಲ ಯೋಚಿಸುತ್ತಿದ್ದೆ. ಒಂದು ಕಡೆ ಹುಡುಗಿಯರಿದ್ದ ಕಾರಿನ ಸುತ್ತ ವೃತ್ತಾಕಾರವಾಗಿ ಜಾರಿಸಿಯೇ ಅವರ ಫೋನ್ ನಂಬರ್ ಪಡೆಯುತ್ತಾನೆ. ಪೋಲಿತನವೇ ಸರಿ, ಆದರೆ ಆ ವೃತ್ತದಲ್ಲಿ ಒಂದು ಗೇಣು ಹೆಚ್ಚುಕಡಿಮೆಯಿಲ್ಲ. ಅವನು ಇಲ್ಲದ ದೃಶ್ಯಗಳಲ್ಲಿ ಚಿತ್ರದ ಗಾಳಿ ಇಳಿದುಹೋಗುತ್ತದೆ. ಖಳನ ಮಾವನಾಗಿ ಸನ್ನಿ ಚಿಬಾ ಬರುವ ಕೆಲವು ನಿಮಿಷ ಮಾತ್ರ ಇದಕ್ಕೆ ಹೊರತು. ಅವರು ಸುಮ್ಮನೆ ಕುಳಿತರೂ ಕೋಣೆ ತುಂಬುತ್ತದೆ.

ಹುಳುಕುಗಳೂ ಇವೆ. ಟೋಕಿಯೊದಲ್ಲಿ ನಡೆಯುವ ಕಥೆಯಲ್ಲಿ ಟೋಕಿಯೊದವರಿಗೆ ಸಿಕ್ಕಿರುವುದು ಖಳನ ಪಾತ್ರ ಅಥವಾ ಚಪ್ಪಾಳೆ ತಟ್ಟುವ ಗುಂಪು. ಖಳನ ಜೊತೆಗಿರುವ ಆ ಹುಡುಗಿ, ನೀಲಾ, ಬೆಟ್ಟದ ದಾರಿಯಲ್ಲಿ ರಾತ್ರಿ ಕಾರು ಓಡಿಸುವ ಒಂದು ಸೊಗಸಾದ ದೃಶ್ಯವಿದೆ: ಸಾಲಾಗಿ ಹಲವು ಕಾರುಗಳು, ಎಲ್ಲವೂ ಒಟ್ಟಿಗೆ, ನಿಧಾನವಾಗಿ, ಒಂದೇ ಲಯದಲ್ಲಿ ಜಾರುತ್ತಾ ಇಳಿಯುತ್ತವೆ. ಸ್ಪರ್ಧೆಯಿಲ್ಲ, ಗೆಲ್ಲುವುದಿಲ್ಲ. ಇಷ್ಟು ಚೆನ್ನಾಗಿ ಓಡಿಸುವವಳನ್ನು ಆಮೇಲೆ ರಸ್ತೆ ಬದಿಯಲ್ಲಿ ನಿಲ್ಲಿಸಿ ಗಂಡಸರ ರೇಸ್ ನೋಡಲು ಬಿಟ್ಟಿದ್ದಾರೆ. ನನ್ನ ಮಗಳು ಇದಕ್ಕೆ ಬೈದಳು, ಬೈದದ್ದು ಸರಿಯಾಗಿತ್ತು.

ಇನ್ನೊಂದು ಕಡೆ, ಗಂಟೆಗೆ 180 ಕಿ.ಮೀ. ದಾಟಿದರೆ ಪೊಲೀಸರು ಬೆನ್ನಟ್ಟುವ ಗೋಜಿಗೇ ಹೋಗುವುದಿಲ್ಲ ಎನ್ನುತ್ತಾರೆ. ಜಪಾನಿನ ಕಂಪನಿಗಳು ಒಳನಾಡಿನ ಕಾರುಗಳಿಗೆ ತಾವಾಗಿಯೇ 180ರ ಕಡಿವಾಣ ಹಾಕುತ್ತಿದ್ದದ್ದು ನಿಜ. ಉಳಿದದ್ದು ಕಥೆಗಾರರ ಉಪಕಾರ.

ಶಿಬುಯಾದ ಪ್ರಸಿದ್ಧ ಅಡ್ಡರಸ್ತೆಯಲ್ಲಿ ಜನಸಾಗರ ಸೀಳಿಕೊಂಡು ಕಾರುಗಳು ಜಾರುವುದು ನೋಡಲು ಭರ್ಜರಿಯಾಗಿದೆ. ಜನ ಅಷ್ಟು ಶಿಸ್ತಾಗಿ ಸರಿಯುವುದು ನೋಡಿದರೆ ಕಂಪ್ಯೂಟರಿನ ಕೈ ಗೊತ್ತಾಗುತ್ತದೆ. ಬಹುಪಾಲು ಚಿತ್ರೀಕರಣ ನಡೆದದ್ದು ಲಾಸ್ ಏಂಜಲೀಸ್ ಸುತ್ತಮುತ್ತ. ಶಿಬುಯಾದಲ್ಲಿ ಅನುಮತಿಯಿಲ್ಲದೆ ಕ್ಯಾಮೆರಾ ಇಟ್ಟಾಗ ಪೊಲೀಸರು ಬಂದರೆಂದೂ, ನಿರ್ದೇಶಕ ತಾನೇ ಎಂದು ಹೇಳಿಕೊಂಡು ತಂಡದ ಇನ್ನೊಬ್ಬ ವ್ಯಕ್ತಿ ಠಾಣೆಗೆ ಹೋದನೆಂದೂ ಲಿನ್ ಆಮೇಲೆ ಹೇಳಿಕೊಂಡಿದ್ದಾರೆ. ಕಳ್ಳ ರೇಸಿನ ಚಿತ್ರಕ್ಕೆ ಕಳ್ಳ ಚಿತ್ರೀಕರಣ.

ಕೊನೆಯ ಸ್ಪರ್ಧೆ ಬೆಟ್ಟ ಇಳಿಯುವ ದಾರಿಯಲ್ಲಿ. ತಂದೆಯ ಹಳೆಯ ಫೋರ್ಡ್ ಮಸ್ಟಾಂಗಿಗೆ ಆ ಜಖಂ ಸಿಲ್ವಿಯಾದ ಎಂಜಿನ್ ಕೂರಿಸುತ್ತಾರೆ. ಅಮೆರಿಕದ ಮೈ, ಜಪಾನಿನ ಗುಂಡಿಗೆ. ಯೋಚನೆ ಚೆನ್ನಾಗಿದೆ. ಆದರೆ ಸಂಕಲನಕಾರರು ಒಂದು ತಿರುವನ್ನೂ ಪೂರ್ತಿ ನೋಡಲು ಬಿಡುವುದಿಲ್ಲ. ಗೇರ್ ಹಿಡಿದ ಕೈ, ಪೆಡಲ್ ಮೇಲಿನ ಕಾಲು, ಹಲ್ಲು ಕಚ್ಚಿದ ಮುಖ, ಮತ್ತೆ ಗೇರ್. ಘಾಟಿಯಲ್ಲಿ ಗಾಡಿ ಜಾರಿದವರ ಮುಖವನ್ನು ನಾನು ಅಂಗಡಿಯಲ್ಲಿ ಬೇಕಾದಷ್ಟು ನೋಡಿದ್ದೇನೆ. ಹಲ್ಲು ಕಚ್ಚುವಷ್ಟು ಸಮಯ ಯಾರಿಗೂ ಸಿಕ್ಕಿರುವುದಿಲ್ಲ.

ಸರಣಿಯ ಮುಖ್ಯ ಚಿತ್ರಗಳಲ್ಲಿ ಅತಿ ಕಡಿಮೆ ಹಣ ಮಾಡಿದ್ದು ಇದೇ. ಮುಂದಿನವುಗಳಲ್ಲಿ ಕಾರುಗಳು ವಿಮಾನದಿಂದ ಉದುರಿದವು, ಬಾಹ್ಯಾಕಾಶಕ್ಕೂ ಹೋದವು. ಇಲ್ಲಿ ಅವು ಇನ್ನೂ ನೆಲದ ಮೇಲಿವೆ, ನೆಲವನ್ನು ಉಜ್ಜುತ್ತಿವೆ. ಮನೆಯಲ್ಲಿ ನೋಡುವುದಾದರೆ ಧ್ವನಿ ಸ್ವಲ್ಪ ಏರಿಸಿಕೊಳ್ಳಿ. ಪಾರ್ಕಿಂಗ್ ಕಟ್ಟಡದ ನೆಲದ ಮೇಲಿನ ಟೈರಿನ ಕಿರುಚಾಟವನ್ನು ಸಣ್ಣ ಧ್ವನಿಯಲ್ಲಿ ಕೇಳಿ ಪ್ರಯೋಜನವಿಲ್ಲ.

ಕಥೆಯ ಕಾಲಕ್ರಮ ಬೇಕೆನ್ನುವವರು ಇದನ್ನು 2013ರ ಆರನೆಯ ಭಾಗದ ನಂತರ ನೋಡುತ್ತಾರೆ. ನನ್ನನ್ನು ಕೇಳಿದರೆ ಇದನ್ನೇ ಮೊದಲು ನೋಡಬೇಕು. ಶಿಬುಯಾದ ಆ ರಾತ್ರಿ ಹಾನ್‌ನ ಕಾರು ಮಗುಚಿ ಹೊತ್ತಿಕೊಂಡಾಗ ಅವನು ನಿಜವಾಗಿಯೂ ಹೋದ ಎಂದು ನಂಬಿ ಎದೆ ಹಿಂಡುವುದು ಏನೂ ಗೊತ್ತಿಲ್ಲದವರಿಗೆ ಮಾತ್ರ. 2021ರಲ್ಲಿ ಅವನನ್ನು ಬದುಕಿಸಿ ತಂದರೆಂದು ಮಗಳು ನನಗೆ ಮುಂಚೆಯೇ ಹೇಳಿಬಿಟ್ಟಿದ್ದಳು. ಈಗ ನಾನು ನಿಮಗೂ ಹೇಳಿಬಿಟ್ಟೆ.