ಎಸ್‌ಐ ಬೆಲ್ಟ್: ಜಾರಿ ಬಿದ್ದವರೆಲ್ಲರಿಗೂ ಅಲ್ಲ

ಪಾಚಿ ಕಟ್ಟಿದ ಮೆಟ್ಟಿಲಲ್ಲಿ ಜಾರಿಯೋ, ಕಾಳುಮೆಣಸು ಕೊಯ್ಯುವ ಏಣಿಯಿಂದ ಬಿದ್ದೋ ಒಂದು ಕಡೆಯ ಪಿರ್ರೆ ನೆಲಕ್ಕೆ ಬಡಿದಾಗ ಸೊಂಟದ ಹಿಂದಿನ ಎಸ್‌ಐ (ಸ್ಯಾಕ್ರೊಇಲಿಯಾಕ್, ಬೆನ್ನುಮೂಳೆಯ ಬುಡ ಸೊಂಟದ ಮೂಳೆಗೆ ಸೇರುವ) ಕೀಲಿನ ಲಿಗಮೆಂಟ್ ಉಳುಕಬಹುದು. ಎಕ್ಸ್‌ರೇಯಲ್ಲಿ ಅದು ಕಾಣದು. ಸೊಂಟದ ಗುಳಿಯ ಸ್ವಲ್ಪ ಕೆಳಗೆ, ಒಂದೇ ಬೆರಳಿನಲ್ಲಿ ತೋರಿಸಬಹುದಾದ ನೋವು ಅದರ ಗುರುತು. ಇದಕ್ಕೆ ಎಸ್‌ಐ ಬೆಲ್ಟ್ ಒಳ್ಳೆಯ ಸಾಧನ. ಆದರೆ ಮಡಿಕೇರಿಯಲ್ಲಾಗಲಿ ವಿರಾಜಪೇಟೆಯಲ್ಲಾಗಲಿ ಬರೀ ‘ಸೊಂಟದ ಬೆಲ್ಟ್’ ಎಂದು ಕೇಳಿದರೆ ಬೆನ್ನಿನ ಅಗಲ ಬೆಲ್ಟ್ ಕೈಗೆ ಬರಬಹುದು. ಹೆಸರು ಹೇಳಿಯೇ ಕೇಳಿ.

5ರಿಂದ 8 ಸೆಂ.ಮೀ. ಅಗಲ, ಹಿಗ್ಗದ ಒಳಪಟ್ಟಿ, ಎರಡೂ ಬದಿಗೆ ಎಳೆಯುವ ಇಲಾಸ್ಟಿಕ್ ಪಟ್ಟಿ ಇರುವುದನ್ನು ಕೊಳ್ಳಿ. ಪೂರ್ತಿ ಇಲಾಸ್ಟಿಕ್ ಆದದ್ದು ನಡೆಯುವಾಗ ಹಿಗ್ಗಿ ಹಿಡಿತ ಬಿಡುತ್ತದೆ. ಅಳತೆ ಹೊಟ್ಟೆಯದಲ್ಲ, ಪಿರ್ರೆಯ ಸುತ್ತಳತೆ.

ಮೂಳೆ ಮುರಿದಿಲ್ಲವೆಂದು ವೈದ್ಯರು ಹೇಳಿದ ಮೇಲೆ ಹೀಗೆ ನೋಡಿ. ಅಂಗಾತ ಮಲಗಿ, ಮಂಡಿ ಮಡಚದೆ ನೋವಿನ ಕಡೆಯ ಕಾಲನ್ನು 20 ಸೆಂ.ಮೀ. ಎತ್ತಬೇಕು. ಮತ್ತೊಬ್ಬರು ಸೊಂಟದ ಮೂಳೆಗಳನ್ನು ಎರಡೂ ಬದಿಯಿಂದ ಒತ್ತಿ ಹಿಡಿದಾಗ ಅದೇ ಕಾಲು ಹಗುರಾಗಿ ಎದ್ದರೆ ಬೆಲ್ಟ್ ಉಪಯೋಗಕ್ಕೆ ಬರುವ ಸಂಭವ ಹೆಚ್ಚು.

ಹೆಚ್ಚಿನವರು ತಪ್ಪುವುದು ಕಟ್ಟುವ ಜಾಗದಲ್ಲಿ. ಮುಂದೆ ಕೈಗೆ ಸಿಗುವ ಸೊಂಟದ ಮೂಳೆತುದಿಗಿಂತ ಕೆಳಗೆ, ತೊಡೆಯ ಹೊರಉಬ್ಬಿಗಿಂತ ಮೇಲೆ ಬರಬೇಕು. ಸೀರೆ ಉಡುವವರು ಲಂಗದ ಮೇಲೆ ಕಟ್ಟಲಿ, ಲಾಡಿಯ ಗಂಟು ಬೆಲ್ಟಿನಡಿ ಸಿಕ್ಕಬಾರದು. ಕುಕ್ಕರಗಾಲಲ್ಲಿ ಕೂತರೆ ಬೆಲ್ಟ್ ಮೇಲೇರುತ್ತದೆ, ಎದ್ದಾಗ ಎಳೆದುಕೊಳ್ಳಿ. ತೊಡೆಯ ಹೊರಬದಿ ಉರಿದರೆ ಅಥವಾ ಜೋಮು ಹಿಡಿದರೆ ಅಲ್ಲಿನ ನರ ಒತ್ತಿದೆ ಎಂದರ್ಥ, ಸಡಿಲಿಸಿ. ಓಡಾಡುವಾಗ ಮಾತ್ರ ಧರಿಸಿ, ಮಲಗುವಾಗ ಬಿಚ್ಚಿಡಿ.

ಎರಡು ಗಾಯಗಳಿಗೆ ಇದು ಮದ್ದಲ್ಲ. ಸೊಂಟದ ಮೂಳೆಯ ಮೇಲಂಚಿನಲ್ಲಿ, ಬೆನ್ನಿನ ನಡುಗೆರೆಯಿಂದ ಸುಮಾರು 7 ಸೆಂ.ಮೀ. ಆಚೆ ತಟ್ಟಿದರೆ ಪಿರ್ರೆಗೆ ನೋವು ಹರಿಯುತ್ತದೆಯೇ? ಪಿರ್ರೆಯ ಚರ್ಮಕ್ಕೆ ಸ್ಪರ್ಶ ಕೊಡುವ ಕ್ಲೂನಿಯಲ್ ನರ ಸಿಕ್ಕಿಕೊಂಡಿರಬಹುದು. ಅಗಲ ಬೆಲ್ಟಿನ ಅಂಚು ಅದನ್ನೇ ಒತ್ತುತ್ತದೆ. ಇನ್ನೊಂದು ಮೊರೆಲ್-ಲವಾಲೆ ಗಾಯ. ಚರ್ಮ ಮತ್ತು ಕೊಬ್ಬು ಕೆಳಗಿನ ಪದರದಿಂದ ಕಿತ್ತುಬಂದು ನಡುವೆ ರಕ್ತ, ದುಗ್ಧರಸ ತುಂಬುತ್ತದೆ. ತೊಡೆಯ ಹೊರಉಬ್ಬಿನ ಮೇಲೆ ತುಳುಕುವ ಊತ, ಮುಟ್ಟಿದರೆ ಮರಗಟ್ಟಿದ ಚರ್ಮ. ದಯವಿಟ್ಟು ಎಣ್ಣೆ ಹಾಕಿ ಉಜ್ಜಿಸಬೇಡಿ, ಕಿತ್ತ ಪದರ ಅಂಟಿಕೊಳ್ಳಲು ಬಿಡುವು ಬೇಕು. ಅಲ್ಟ್ರಾಸೌಂಡ್ ಅಥವಾ ಎಂಆರ್‌ಐ ಮಾಡಿಸಿ.

ವಯಸ್ಸಾದವರಿಗೆ ಕಾಲೂರಲು ಆಗದಿದ್ದರೆ, ಯಾರಿಗೇ ಆಗಲಿ ಮೂತ್ರ ಕಟ್ಟಿದರೆ ಅಥವಾ ತೊಡೆಸಂದಿನ ಸುತ್ತ ಸ್ಪರ್ಶ ಹೋದರೆ ಬೆಲ್ಟ್ ಹುಡುಕುತ್ತಾ ಕೂರದೆ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ.